ತಿಕೋಟಾ ಕಟ್ಟೆಯ ಕೌನ್ಸೆಲಿಂಗ್

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ತಿಕೋಟಾದಲ್ಲಿ ಕಾಲೇಜಿನ ಬಗ್ಗೆ ತಿಳಿಯದವರು ಒಬ್ಬರೂ ಸಿಗುವುದಿಲ್ಲ. ಚಹಾದಂಗಡಿಯವ, ಕಟಿಂಗ್ ಶಾಪಿನವ, ಗೊಬ್ಬರದಂಗಡಿಯ ಸಾವುಕಾರ, ಹತ್ತನೇ ಇಯತ್ತೆಯನ್ನು ಮೂರು ಸಲ ಕಟ್ಟಿಯೂ ದಾಟದ ಮಾಮಾ, ಎಲ್ಲರೂ ಕಟ್ಟೆಯ ಮೇಲೆ ಕೌನ್ಸೆಲಿಂಗಿಗೆ ಕೂತುಬಿಡುತ್ತಾರೆ. ಬಾಯಿ ಬಿಡದವನು ಒಬ್ಬನೇ, ಪರೀಕ್ಷೆ ಬರೆದ ಹುಡುಗ.

"ಎಷ್ಟ ಬಿದ್ದಾವಲೇ ತಮ್ಮಾ?"

"ಐನೂರಾ ಅರವತ್ತ್ರಿ ಮಾಮಾ."

"ಆರನೂರಾ ಇಪ್ಪತ್ತೈದಕ್ಕ? ಮತ್ತ ಉಳಿದ ಅರವತ್ತೈದ ಎಲ್ಲಿ ಹೋದುವು? ಹೋಗ್ಲಿ ಬಿಡು, ಸೈನ್ಸ್ ತಗೊ."

"ಮಾಮಾ, ನನಗ ಕಾಮರ್ಸ್..."

"ಕಾಮರ್ಸ್ ಓದಿ ಏನ್ ಅಂಗಡಿ ಇಡಾಂವಾ?" ಎಂದು ಗದರುವವರು ಗೊಬ್ಬರದಂಗಡಿಯ ಸಾವುಕಾರರೇ!

ನಮ್ಮಲ್ಲಿ ಮಕ್ಕಳ ಗ್ರೇಡಿಂಗು ಒಣದ್ರಾಕ್ಷಿಯ ಗ್ರೇಡಿಂಗಿನಂತೆಯೇ. ಹಸಿರು ಹೊಳಪಿನ ಕಾಳು ಒಂದು ಬುಟ್ಟಿಗೆ, ಕಂದಿದ್ದು ಇನ್ನೊಂದಕ್ಕೆ, ಕಪ್ಪು ತಿರುಗಿದ್ದು ಮೂಲೆಗೆ. ಸೈನ್ಸ್, ಕಾಮರ್ಸ್, ಆರ್ಟ್ಸ್. ಆದರೆ ತಾಸಗಾಂವದ ವ್ಯಾಪಾರಿಯಾದರೂ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ರೇಟ್ ಹೇಳುತ್ತಾನೆ. ಹುಡುಗನ ರುಚಿ ಯಾವುದೆಂದು ಕೇಳುವ ಪುಣ್ಯಾತ್ಮ ಕಟ್ಟೆಯ ಮೇಲಿಲ್ಲ.

ಫೀಯ ಮಾತೂ ದ್ರಾಕ್ಷಿಯದೇ. ಮಾಲು ಕೋಲ್ಡ್ ಸ್ಟೋರೇಜಿನಲ್ಲಿ ಕೂತಿದೆ. ರೇಟ್ ಏರಿದರೆ ಮಗ ಮಂಗಳೂರು ಕಡೆಯ ಹಾಸ್ಟೆಲ್ಲಿಗೆ, ನಡುವೆ ನಿಂತರೆ ವಿಜಯಪುರಕ್ಕೆ. ಬಿದ್ದರೆ ಅಪ್ಪನಿಗೆ ಇದ್ದಕ್ಕಿದ್ದಂತೆ ಜ್ಞಾನೋದಯ: "ಊರಾಗಿನ ಕಾಲೇಜಿಗೆ ಏನ್ ಧಾಡಿ ಆಗೈತಿ?"

ಹುಡುಗಿಯಾದರೆ ಸಿಲೆಬಸ್ಸಿಗಿಂತ ಬಸ್ಸಿನ ವೇಳೆಯೇ ಮುಖ್ಯ. "ಸಂಜಿ ಗಾಡಿ ಎಷ್ಟಕ್ಕ ಮುಟ್ಟತೈತಿ?" ಅನ್ನುತ್ತಾಳೆ ಆಯಿ. 2023ರ ಜೂನ್‌ನಿಂದ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡಿಲ್ಲ. ವಿಜಯಪುರದ ದಾರಿಯಲ್ಲೇ ತೊರವಿಯಲ್ಲಿ ಮಹಿಳಾ ವಿಶ್ವವಿದ್ಯಾಲಯವೇ ಇದೆ, 2003ರಲ್ಲಿ ಸ್ಥಾಪನೆಯಾದದ್ದು. ಅದರ ಮುಂದೆ ದಿನಾ ಹಾಯ್ದುಹೋಗುವ ಗಂಡಸರು ಮಾತ್ರ, "ಹೆಣ್ಣ ಹುಡುಗಿ, ಅಷ್ಟ ಓದಿ ಏನ್ ಮಾಡ್ತಾಳ?" ಎಂಬ ಪ್ರಶ್ನೆಯನ್ನು ಇನ್ನೂ ಕಿಸೆಯಲ್ಲೇ ಇಟ್ಟುಕೊಂಡಿದ್ದಾರೆ.

ಇನ್ನು ಬಿಎಸ್ಸಿ ಅಗ್ರಿ. ರೈತರ ಮಕ್ಕಳ ಕೋಟಾಕ್ಕೆ ಪ್ರಾಕ್ಟಿಕಲ್ ಪರೀಕ್ಷೆ ಉಂಟು, ಬೀಜ, ಬೆಳೆ ಗುರುತಿಸಬೇಕು. "ಹೊಲದ ಕಡೆ ಹಾಯಬ್ಯಾಡ, ಓದ್ಕೋತ ಕೂಡು" ಎಂದು ವರ್ಷಗಟ್ಟಲೆ ಗದರಿಸಿದ ಅಪ್ಪ, ಪಿಯುಸಿ ಮುಗಿಯುತ್ತ ಬಂದಾಗ ಮಗನ ಕೈಹಿಡಿದು ಸ್ವಂತ ಹೊಲದ ಬದುವಿನ ಮೇಲೆ ಪರಿಚಯ ಮಾಡಿಸುತ್ತಾನೆ: "ಇದು ಕುಸುಬಿ, ಇದು ಅಗಸಿ. ನಮಸ್ಕಾರ ಮಾಡು."

ನನ್ನನ್ನೂ ಕಟ್ಟೆಗೆ ಸೇರಿಸಿಕೊಂಡರೆ ಹೇಳುವುದು ಇಷ್ಟೇ. ಗೋಡೆಗೆ ಅಂಟಿಸಿದ ಟಾಪರ್‌ಗಳ ಫೋಟೊ ನೋಡಿ ಮರುಳಾಗಬೇಡಿ, ಫೇಲಾದವರ ಫೋಟೊವನ್ನು ಯಾವ ಕಾಲೇಜೂ ಹಚ್ಚುವುದಿಲ್ಲ. ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಿ ಲ್ಯಾಬಿನ ಬಾಗಿಲು ನೋಡಿ, ಕೀಲಿಗೆ ತುಕ್ಕು ಹಿಡಿದಿದ್ದರೆ ಉತ್ತರ ಸಿಕ್ಕಂತೆಯೇ. ಸೆಕೆಂಡ್ ಇಯರ್ ಹುಡುಗರನ್ನು ಹೊರಗೆ ನಿಲ್ಲಿಸಿ, "ಫಿಸಿಕ್ಸ್ ಸರ್ ದಿನಾ ಬರ್ತಾರೇನಪಾ?" ಎಂದು ಕೇಳಿ. ಕಡೆಗೆ ಮನೆಗೆ ಬಂದು, ನಿಮ್ಮ ಕೂಸಿನ ಬಾಯಿಂದ ಎರಡು ಮಾತು ಕೇಳಿ.

ಓದಿದ್ದೇ ಹಣೆಬರಹ ಎನ್ನುವವರು ವಿಜಯಪುರದ ಇಂಜಿನಿಯರಿಂಗ್ ಕಾಲೇಜಿನ ಬೋರ್ಡನ್ನೊಮ್ಮೆ ಓದಬೇಕು. ಅಲ್ಲಿರುವುದು ಫ.ಗು. ಹಳಕಟ್ಟಿಯವರ ಹೆಸರು. ಅವರು ಕಲಿತದ್ದು ವಕೀಲಿ, ಬದುಕು ಸವೆಸಿದ್ದು ವಚನಗಳ ತಾಡೋಲೆ ಹುಡುಕುವುದರಲ್ಲಿ. ಅಂದು ನಮ್ಮ ಕಟ್ಟೆಗೆ ಬಂದಿದ್ದರೆ, "ಸುಮ್ನ ಕೋರ್ಟಿಗೆ ಹೋಗ್ರಿ ವಕೀಲರ, ಹುಳಾ ತಿಂದ ಓಲಿಯಿಂದ ಹೊಟ್ಟಿ ತುಂಬತೈತೇನ್ರಿ?" ಎಂದು ಅಟ್ಟುತ್ತಿದ್ದೆವು. ಈಗ ಅವರ ಹೆಸರಿನ ಕಾಲೇಜಿನಲ್ಲಿ ಮಗನಿಗೊಂದು ಸೀಟು ಸಿಗಲಿ ಎಂದು ಹರಕೆ ಹೊರುವವರೂ ನಾವೇ.