ನಮ್ಮ ಷಡ್ಡಕರೂ ಅಜ್ಜಿಯ ಉಪ್ಪಿನಕಾಯಿಯೂ

ನಮ್ಮ ಷಡ್ಡಕರು ಹಗಲು ಹೊತ್ತು ಸಂಬಳಕ್ಕೆ ಕೋಡ್ ಬರೆಯುತ್ತಾರೆ, ರಾತ್ರಿ ಊಟವಾದ ಮೇಲೆ ಪುಣ್ಯಕ್ಕೆ ಬರೆಯುತ್ತಾರೆ. ಆ ಪುಣ್ಯದ ಖಾತೆಯ ಹೆಸರು ವರ್ಡ್‌ಪ್ರೆಸ್. ಬ್ಲಾಗ್ ಬರೆಯಲೆಂದು ಹುಟ್ಟಿ, ಈಗ ಜಗತ್ತಿನ ಪ್ರತಿ ಹತ್ತು ಜಾಲತಾಣಗಳಲ್ಲಿ ನಾಲ್ಕನ್ನು ಹೊತ್ತುಕೊಂಡಿರುವ ತಂತ್ರಾಂಶ ಅದು. ಬಿಟ್ಟಿ ಸಿಗುತ್ತದೆ. ಬಿಟ್ಟಿ ಅಂದರೆ ಅವರಿಗೆ ಸಿಟ್ಟು ಬರುತ್ತದೆ. “ಬಿಟ್ಟಿಯಲ್ಲ ಭಾವ, ಮುಕ್ತ. ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು.” ಬಿಚ್ಚುವುದರಲ್ಲಿ ಅವರ ಕೈ ಪಳಗಿದೆ. ಮುಚ್ಚುವುದನ್ನು ನಾನಿನ್ನೂ ನೋಡಿಲ್ಲ.

ಅವರದೇ ಒಂದು ಬ್ಲಾಗೂ ಇದೆ. ಅದರಲ್ಲಿ, ವರ್ಡ್‌ಪ್ರೆಸ್ಸಿಗೆ ಹೊಸ ಕೆಲಸ ಕಲಿಸುವ 37 ಪ್ಲಗಿನ್‌ಗಳಿವೆ, ಒಂದು ಬರಹವಿದೆ. ಆ ಒಂದೂ ಅವರದಲ್ಲ. ವರ್ಡ್‌ಪ್ರೆಸ್ ಹಾಕಿಕೊಂಡ ಕೂಡಲೇ ಮಾದರಿಗೆಂದು ತಾನೇ ಮೂಡುವ ‘ಹಲೋ ವರ್ಲ್ಡ್’. ಆ ಎರಡು ಸಾಲನ್ನು ಕಾಯಲು ಒಂದು ಪ್ಲಗಿನ್, ಪ್ರತಿ ರಾತ್ರಿ ಎರಡು ಗಂಟೆಗೆ ಅದರ ನಕಲು ತೆಗೆದಿಡಲು ಇನ್ನೊಂದು, ಅದು ಬೇಗ ತೆರೆದುಕೊಳ್ಳಲು ಮತ್ತೊಂದು. ಏನಾದರೂ ಬರೆಯಿರಿ ಅಂದರೆ “ಮೊದಲು ಥೀಮ್ ಒಂದು ಹದಕ್ಕೆ ಬರಲಿ” ಅನ್ನುತ್ತಾರೆ. ಮನೆ ಕಟ್ಟಿಸಿ, ಬಣ್ಣ ಹೊಡೆಸಿ, ಮತ್ತೆ ಗೋಡೆ ಒಡೆಸಿ, ಗೃಹಪ್ರವೇಶವನ್ನು ಮಾತ್ರ ಮುಂದಕ್ಕೆ ಹಾಕುತ್ತಲೇ ಇರುವ ಯಜಮಾನರನ್ನು ನೀವೂ ಕಂಡಿರುತ್ತೀರಿ.

ಅವರು ಮನೆಗೆ ಬಂದರೆ ಕಾಫಿ ಆರುವವರೆಗೆ ವರ್ಡ್‌ಪ್ರೆಸ್ಸಿನ ಹರಿಕಥೆ ನಡೆಯುತ್ತದೆ. ಬಿ2 ಎಂಬ ತಂತ್ರಾಂಶವಿತ್ತಂತೆ. ಬರೆದವನು ಮಿಶೆಲ್ ವಾಲ್ಡ್ರಿಗಿ. ಒಂದು ದಿನ ಆತ ಅದರ ಗೊಡವೆ ಬಿಟ್ಟ. ನೆಚ್ಚಿಕೊಂಡವರ ಗತಿ? ಅಮೆರಿಕದ ಮ್ಯಾಟ್ ಮುಲ್ಲೆನ್‌ವೆಗ್, ಇಂಗ್ಲೆಂಡಿನ ಮೈಕ್ ಲಿಟಲ್ ಇಬ್ಬರೂ ಸೇರಿ ಅದೇ ಕೋಡಿನಿಂದ ಕವಲೊಡೆದು 2003ರ ಮೇ 27ರಂದು ವರ್ಡ್‌ಪ್ರೆಸ್ಸನ್ನು ಹೊರತಂದರು. ಇಲ್ಲಿ ಷಡ್ಡಕರ ದನಿ ತಗ್ಗುತ್ತದೆ. “ಮ್ಯಾಟ್‌ಗೆ ಆಗ 19 ವರ್ಷ ಭಾವ. ಆ ವಯಸ್ಸಿಗೆ ನಾನು ಅಪ್ಪನ ಸ್ಕೂಟರ್ ಕೇಳೋಕೆ ಹೆದರ್ತಿದ್ದೆ.”

ಅದರ ದೊಡ್ಡ ಆವೃತ್ತಿಗಳಿಗೆಲ್ಲ ಜಾಝ್ ಸಂಗೀತಗಾರರ ಹೆಸರಿಡುವ ಪದ್ಧತಿಯಿದೆ. ನಮ್ಮವರಿಗೆ ಜಾಝ್ ತಿಳಿಯದು, ತಿಂಡಿ ತಿಳಿಯುತ್ತದೆ. ಅವರೂ ಒಂದು ಪ್ಲಗಿನ್ ಬರೆದಿದ್ದಾರೆ, ಅದರ ಕಥೆ ಮುಂದಿದೆ. ಅದರ 0.1 ‘ಖಾರಾಬಾತ್’, 0.2 ‘ಕೇಸರಿಬಾತ್’. ಎರಡನ್ನೂ ಕೂಡಿಸಿದ್ದು, ನೀವು ಊಹಿಸಿದಂತೆ, ‘ಚೌಚೌಬಾತ್’.

ಒಂದು ವಿಷಯ ಒಪ್ಪಬೇಕು, ಪಾಠ ಹೇಳುವುದರಲ್ಲಿ ಅವರು ಗಟ್ಟಿಗರು. ಪ್ಲಗಿನ್ ಅಂದರೇನು ಎಂದು ಕೇಳಿದ್ದಕ್ಕೆ ಮದುವೆ ಮನೆಗೆ ಕರೆದುಕೊಂಡು ಹೋದರು. “ಪುರೋಹಿತರ ಮಂತ್ರ ಇದೆಯಲ್ಲ, ಅದು ಕೋರ್. ಅದನ್ನ ಯಾರೂ ಮುಟ್ಟಬಾರದು. ಆದರೆ ಅವರೇ ನಡುನಡುವೆ ನಿಲ್ಲಿಸಿ, ‘ನಿಮ್ಮ ಕಡೆ ಏನಾದರೂ ಪದ್ಧತಿ ಇದ್ದರೆ ಮಾಡಿಕೊಳ್ಳಿ’ ಅಂತಾರಲ್ಲ, ಅದು ಹುಕ್. ಆಗ ಎದ್ದು ಬರೋ ಹೆಂಗಸರೇ ಪ್ಲಗಿನ್‌ಗಳು.” ಏಕಕಾಲಕ್ಕೆ ನಾಲ್ವರು ಎದ್ದರೆ? “ಪ್ರತಿಯೊಬ್ಬರಿಗೂ ಒಂದು ಅಂಕಿ ಕೊಟ್ಟಿರುತ್ತೆ, ಕಮ್ಮಿ ಅಂಕಿಯವರು ಮೊದಲು. ಏನೂ ಹೇಳದಿದ್ದರೆ 10. ನಿಮ್ಮ ಸೋದರತ್ತೆ 1.” ಸೋದರತ್ತೆಯನ್ನು ನೋಡಿದವರಾರೂ ಇದನ್ನು ಅಲ್ಲಗಳೆಯಲಾರರು.

ಹುಕ್ಕಿನಲ್ಲಿ ಎರಡು ಜಾತಿ. ಆಕ್ಷನ್ ಬಂದು ತನ್ನ ಕೆಲಸ ಮಾಡಿ ಹೋಗುತ್ತದೆ. ಫಿಲ್ಟರ್ ಹಾಗಲ್ಲ, ಕೈಗೆ ಕೊಟ್ಟಿದ್ದನ್ನು ತಿದ್ದಿ ವಾಪಸು ಕೊಡಬೇಕು. “ಪಕ್ಕದ ಮನೆ ಪಾತ್ರೆ ಇದ್ದಂಗೆ ಭಾವ, ಹಿಂದಿರುಗಿಸೋದು ಮರೀಬಾರದು.” ಈ ಮಾತನ್ನು ನೆನಪಿಟ್ಟುಕೊಳ್ಳಿ.

ನನಗೆ ಬ್ಲಾಗ್ ಮಾಡಿಕೊಟ್ಟವರೂ ಅವರೇ. ಮೊದಲ ಬರಹ ‘ನನ್ನ ಅಜ್ಜಿಯ ಮಾವಿನ ಉಪ್ಪಿನಕಾಯಿ’. ವಾಟ್ಸಾಪಿನಲ್ಲಿ ಕೊಂಡಿ ಕಳಿಸಿದರೆ, ಉದ್ದಕ್ಕೂ ಶೇಕಡಾ ಚಿಹ್ನೆಗಳು. ನಮ್ಮ ಅತ್ತೆ ಫೋನ್ ಮಾಡಿ, “ಯಾವ ಬ್ಯಾಂಕಪ್ಪಾ ಇದು, ಇಷ್ಟೊಂದು ಬಡ್ಡಿ?” ಅಂದರು. ಬ್ರೌಸರಿನಲ್ಲಿ ತೆರೆದರೆ ವಿಳಾಸ ‘ನನ್ನ-ಅಜ್ಜಿಯ-ಮಾವಿನ-ಉಪ್ಪಿನ’ ಎಂಬಲ್ಲಿಗೆ ನಿಂತಿತ್ತು. ಉಪ್ಪು ಉಳಿದು ಕಾಯಿ ಹೋಗಿತ್ತು.

ಷಡ್ಡಕರು ಅಂದೇ ರಾತ್ರಿ ಬಂದರು, ಹಾಳೆ ತೆಗೆದು ಲೆಕ್ಕ ಹಾಕಿದರು. ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಅಕ್ಷರ, ಗುಣಿತ, ಕಣ್ಣಿಗೆ ಕಾಣದ ಹಲಂತ, ಎಲ್ಲಕ್ಕೂ ಅಷ್ಟೇ. ವಿಳಾಸದಲ್ಲಿ ಒಂದೊಂದು ಬೈಟೂ ಶೇಕಡಾ ಚಿಹ್ನೆ ಹಾಕಿಕೊಂಡು ಮೂರು ಜಾಗ ಹಿಡಿಯುತ್ತದೆ. ಅಲ್ಲಿಗೆ ಚಿಹ್ನೆಯೊಂದಕ್ಕೆ 9. ಇರುವ ಜಾಗ ಒಟ್ಟು 200. ನನ್ನ ಅಜ್ಜಿ, ಮಾವು, ಉಪ್ಪು, ನಡುವಿನ ಮೂರು ಗೆರೆ ಸೇರಿ 192 ಆಯಿತು. ‘ಕ’ ಬಂದರೆ 201. “ಒಂದೇ ಒಂದು ಜಾಗದಲ್ಲಿ ತಪ್ಪಿತು ಭಾವ!” ಎಂದು ಸಿಇಟಿಯಲ್ಲಿ ಸೀಟು ತಪ್ಪಿದ ಹುಡುಗನ ಅಪ್ಪನಂತೆ ಹಣೆ ಹಿಡಿದು ಕೂತರು. ಬೇರೆಯವರಾದರೆ ತಲೆಬರಹ ಚಿಕ್ಕದು ಮಾಡಿ ಅನ್ನುತ್ತಿದ್ದರು. ಇವರು ಪ್ಲಗಿನ್ ಬರೆಯಲು ಕೂತರು.

ಕನ್ನಡ ತಲೆಬರಹವನ್ನು ವಿಳಾಸದ ಮಟ್ಟಿಗೆ ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸುವ ಪ್ಲಗಿನ್. ಖಾರಾಬಾತ್ ಆವೃತ್ತಿ ಬಂದ ವಾರದಲ್ಲೇ ನಾನು ‘ನಮ್ಮ ಹಳ್ಳಿ’ ಎಂಬ ಲೇಖನ ಹಾಕಿದೆ. ಅದೇ ವಾರ ಅದಕ್ಕೂ ಮೊದಲು ಗೋಡೆಯ ಮೇಲಿನ ಪ್ರಾಣಿಯನ್ನು ಕುರಿತು ‘ನಮ್ಮ ಹಲ್ಲಿ’ ಎಂಬ ಹರಟೆ ಬರೆದಿದ್ದೆ. ಳಕ್ಕೆ ಇಂಗ್ಲಿಷಿನ ದೊಡ್ಡಕ್ಷರ ಬೇಕು, ವಿಳಾಸದಲ್ಲಿ ಅದಕ್ಕೆ ಜಾಗವಿಲ್ಲ, ಹಾಗಾಗಿ ಳ, ಲ ಎರಡೂ ಒಂದೇ. ಒಂದೇ ವಿಳಾಸ ಎರಡು ಸಲ ಬಂದರೆ ವರ್ಡ್‌ಪ್ರೆಸ್ ಎರಡನೆಯದಕ್ಕೆ ತಾನೇ ಅಂಕಿ ಹಚ್ಚುತ್ತದೆ. ಹುಟ್ಟೂರು ‘ಹಲ್ಲಿ 2’ ಆಯಿತು.

ಇದಾದ ಮೇಲೆ, ಬರಹ ಓದಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಪ್ಲಗಿನ್ ಒಂದನ್ನು ಎಲ್ಲಿಂದಲೋ ತಂದು ಹಾಕಿದರು. ಪದ ಎಣಿಸಲು ಅದು ಹಿಡಿದಿದ್ದ ಪಿಎಚ್‌ಪಿ ಭಾಷೆಯ ಹಳೆಯ ಉಪಾಯ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಅಕ್ಷರವೆಂದು ಬಗೆಯುವಂಥದ್ದು. ನನ್ನ ಪ್ರತಿ ಲೇಖನದ ನೆತ್ತಿಯ ಮೇಲೂ ‘ಓದಲು ಬೇಕಾದ ಸಮಯ: 0 ನಿಮಿಷ’ ಎಂದು ಬಂತು. ನನ್ನ ಹೆಂಡತಿ, “ಸರಿಯಾಗೇ ಇದೆಯಲ್ಲ, ಮನೇಲಿ ಎಲ್ಲರೂ ಅಷ್ಟೇ ಹೊತ್ತು ಓದಿರೋದು” ಅಂದಳು.

ಆಮೇಲೆ ಆ ಭಾನುವಾರ. ತಪ್ಪು ನನ್ನದೇ, ಬರಹದ ಕೊನೆಗೆ ‘ಓದಿದ್ದಕ್ಕೆ ವಂದನೆಗಳು’ ಎಂಬ ಸಾಲು ತಾನಾಗಿ ಬರಬೇಕೆಂದು ಬಾಯಿಬಿಟ್ಟು ಕೇಳಿದೆ. “ನಾಲ್ಕೇ ಸಾಲು ಭಾವ” ಎಂದು ಒಂದು ಕೈಯಲ್ಲಿ ಕೋಡುಬಳೆ ಹಿಡಿದೇ ಫಿಲ್ಟರ್ ಬರೆದು, ಪರೀಕ್ಷೆ ಗಿರೀಕ್ಷೆ ಇಲ್ಲದೆ ನೇರವಾಗಿ ನನ್ನ ಬ್ಲಾಗಿಗೇ ಏರಿಸಿ ಮನೆಗೆ ಹೋದರು. ಕೋಡ್ ತಪ್ಪಿ ಬ್ಲಾಗ್ ಬಿದ್ದಿದ್ದರೆ ವರ್ಡ್‌ಪ್ರೆಸ್ ಮಿಂಚಂಚೆ ಕಳಿಸಿ ಎಚ್ಚರಿಸುತ್ತಿತ್ತು. 2019ರಿಂದ ಆ ಏರ್ಪಾಡಿದೆ. ಆದರೆ ಬ್ಲಾಗ್ ಬೀಳಲಿಲ್ಲ. ನನ್ನ ಅಷ್ಟೂ ಲೇಖನಗಳ ತಲೆಬರಹ ಉಳಿದವು, ದಿನಾಂಕ ಉಳಿಯಿತು, ಒಡಲು ಖಾಲಿ. ವಂದನೆಯೂ ಇಲ್ಲ. ಪಾತ್ರೆ ಹಿಂದಿರುಗಿಸುವುದನ್ನು ಮರೆತಿದ್ದರು. ‘0 ನಿಮಿಷ’ ಎಂಬ ಫಲಕ ಮಾತ್ರ ಮೊದಲ ಬಾರಿಗೆ ನಿಜ ಹೇಳುತ್ತಾ ನಿಂತಿತ್ತು. ನನಗೆ ಇದು ಗೊತ್ತಾದದ್ದು ಮೂರು ದಿನ ಬಿಟ್ಟು, ಅದೂ ನಾನೇ ತೆರೆದು ನೋಡಿದಾಗ. ನಡುವೆ ಓದುಗರೊಬ್ಬರೂ ದೂರಲಿಲ್ಲ ಎಂಬುದನ್ನು ನಾನು ಷಡ್ಡಕರಿಗೆ ಈವರೆಗೂ ಹೇಳಿಲ್ಲ.

ಇಷ್ಟೆಲ್ಲ ಆಡಿಕೊಂಡರೂ ಆ ಉಪ್ಪಿನಕಾಯಿ ಪ್ಲಗಿನ್ ಈಗ ಚೆನ್ನಾಗಿಯೇ ಓಡುತ್ತಿದೆ. ವರ್ಡ್‌ಪ್ರೆಸ್ಸಿನ ಪ್ಲಗಿನ್ ಭಂಡಾರಕ್ಕೂ ಕಳಿಸಿದರು. ಅಲ್ಲಿನ ಪರಿಶೀಲಕರು, ಒಳಗೆ ಬರುವುದನ್ನು ಸರಿಯಾಗಿ ಸ್ಯಾನಿಟೈಸ್ ಮಾಡಿಲ್ಲವೆಂದು ಎರಡು ಬಾರಿ ವಾಪಸು ಕಳಿಸಿದರು. ನನ್ನ ನಾದಿನಿ, “ಅಡುಗೆಮನೆ ಸಿಂಕಿಗೂ ಯಾರಾದ್ರೂ ಹಾಗೊಂದು ಓಲೆ ಬರೆದ್ರೆ ಚೆನ್ನಾಗಿತ್ತು” ಅಂದಳು. ಮೂರನೆಯ ಸಲ ಒಪ್ಪಿಗೆಯಾಯಿತು. ಅಂದು ಪಾಯಸ.

ಒಂದು ಪ್ಲಗಿನ್ ಎಷ್ಟು ತಾಣಗಳಲ್ಲಿ ಬಳಕೆಯಲ್ಲಿದೆ ಎಂದು ಭಂಡಾರ ತೋರಿಸುತ್ತದೆ. ಲಕ್ಷಗಟ್ಟಲೆ ಇರುವವೂ ಇವೆ. ನಮ್ಮವರದರ ಮುಂದೆ ‘ಹತ್ತಕ್ಕಿಂತ ಕಡಿಮೆ’ ಎಂದಿದೆ. ಆ ಕಡಿಮೆ ಎಂದರೆ ಎರಡು. ಒಂದು ಅವರದು, ಇನ್ನೊಂದು ನನ್ನದು. ರಾತ್ರಿ ಮಲಗುವ ಮುನ್ನ ಒಮ್ಮೆ ಆ ಪುಟ ತೆರೆದು ನೋಡುತ್ತಾರಂತೆ.

ಹತ್ತಾಗಲು ಇನ್ನು ಎಂಟು ಜನ ಬೇಕು. ಕನ್ನಡದಲ್ಲಿ ಬ್ಲಾಗ್ ಬರೆಯುವವರು ದಯವಿಟ್ಟು ಒಮ್ಮೆ ಹಾಕಿಕೊಂಡು ನೋಡಿ. ಸರಿಹೋಗದಿದ್ದರೆ ಸದ್ದಿಲ್ಲದೆ ತೆಗೆದುಬಿಡಿ. ಅವರಿಗೆ ಮಾತ್ರ ತಿಳಿಸಬೇಡಿ, ಲ್ಯಾಪ್‌ಟಾಪ್ ಹಿಡಿದು ನಿಮ್ಮ ಮನೆಗೇ ಬಂದುಬಿಡುತ್ತಾರೆ.