ಸೋಫಾದ ಕುಬೇರ

ರಾತ್ರಿ ಊಟವಾದ ಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಒಂದೂವರೆ ಪಟ್ಟು ವೇಗದಲ್ಲಿ ಹಣಕಾಸಿನ ಪಾಠ ಕೇಳುವ ಮಹನೀಯರು ಈಗ ಬೀದಿಗೊಬ್ಬರಿದ್ದಾರೆ. ಇವರನ್ನು ಸೋಫಾದ ಕುಬೇರ ಎನ್ನೋಣ. ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿದರವನ್ನು ಕಾಲು ಪರ್ಸೆಂಟ್ ಇಳಿಸಿದರೆ ಬೆಳಗಾಗುವುದರೊಳಗೆ ಇವರಿಗೆ ಗೊತ್ತು. ತಮ್ಮದೇ ಗೃಹಸಾಲದ ಬಡ್ಡಿ ಕೇಳಿದರೆ ಮಾತ್ರ, ‘ಎಂಟೋ ಎಂಟೂವರೆಯೋ ಇರಬೇಕು’ ಎಂದು ಫ್ಯಾನು ನೋಡುತ್ತಾರೆ. ವಾರೆನ್ ಬಫೆಟ್ ಕೊಂಡ ಷೇರುಗಳ ಪಟ್ಟಿ ಬಾಯಿಪಾಠ. ತಮ್ಮ ಎಫ್‌ಡಿಗೆ ನಾಮಿನಿ ಯಾರೆಂಬುದು ಮರೆತಿದೆ. ಊರಿನ ಜಾತಕವನ್ನೆಲ್ಲ ಬಿಡಿಸಿ, ತನ್ನದನ್ನು ಮಾತ್ರ ಗಂಟಿನಲ್ಲೇ ಇಟ್ಟ ಜೋಯಿಸರ ವಂಶ ಇದು. ಶ್ರದ್ಧೆಗೆ ಕೊರತೆಯಿಲ್ಲ, ಎಡವಟ್ಟಾಗಿರುವುದು ಪಠ್ಯದಲ್ಲಿ. ಹಣಕಾಸನ್ನು ಮನೆಯಲ್ಲೇ ಕೂತು ಧಾರಾಳವಾಗಿ ಕಲಿಯಬಹುದು; ಆದರೆ ಅದರ ಪಠ್ಯಪುಸ್ತಕ ಇರುವುದು ಬೀರುವಿನೊಳಗಿನ ಫೈಲಿನಲ್ಲಿ.

ಆ ಫೈಲಿನ ಮೊದಲ ಅಧ್ಯಾಯವೇ ರೋಚಕ. ಶೇ. 8.5ರ ಬಡ್ಡಿಗೆ 20 ವರ್ಷದ 50 ಲಕ್ಷ ರೂಪಾಯಿ ಸಾಲವೆಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 43,400 ರೂಪಾಯಿ. ಮೊದಲ ಕಂತಿನಲ್ಲಿ 35,400 ಬಡ್ಡಿಗೇ ಹೋಗಿ, ಅಸಲಿನಲ್ಲಿ ಕರಗುವುದು ಎಂಟು ಸಾವಿರಕ್ಕೂ ಕಡಿಮೆ. ಅವಧಿ ಮುಗಿಯುವಷ್ಟರಲ್ಲಿ ಬಡ್ಡಿಯೇ 54 ಲಕ್ಷ ದಾಟಿರುತ್ತದೆ. ವರ್ಷಕ್ಕೊಂದು ಕಂತು ಹೆಚ್ಚಿಗೆ ಕಟ್ಟಿದರೂ ಸಾಲ ಅವಧಿಗಿಂತ ಮೂರು ವರ್ಷಕ್ಕೂ ಹೆಚ್ಚು ಮೊದಲೇ ಹರಿಯುತ್ತದೆ. ಇಷ್ಟನ್ನೂ ಹೇಳಬಲ್ಲ ಕಂತಿನ ಪಟ್ಟಿ, ಬ್ಯಾಂಕಿನವರು ಹಾಕಿದ ಪಿನ್ನು ಸಹಿತ ಹಾಗೇ ಕೂತಿದೆ. ಎರಡನೆಯ ಅಧ್ಯಾಯ ಕ್ರೆಡಿಟ್ ಕಾರ್ಡಿನದು. ಮ್ಯೂಚುವಲ್ ಫಂಡಿನ ವೆಚ್ಚದಲ್ಲಿ ಅರ್ಧ ಪರ್ಸೆಂಟ್ ಉಳಿಸುವುದು ಹೇಗೆಂದು ಮದುವೆಮನೆಯ ಪಂಕ್ತಿಯಲ್ಲೂ ಬೋಧಿಸುವ ಕುಬೇರರು, ಕಾರ್ಡಿಗೆ ಮಾತ್ರ ‘ಮಿನಿಮಮ್ ಡ್ಯೂ’ ಕಟ್ಟಿ ನಿಶ್ಚಿಂತರಾಗುತ್ತಾರೆ. ಉಳಿದ ಬಾಕಿಗೆ ಬೀಳುವ ಬಡ್ಡಿ ತಿಂಗಳಿಗೆ ಶೇ. 3.5 ಎಂದರೆ ವರ್ಷಕ್ಕೆ 42 ಎಂಬ ಗುಣಾಕಾರಕ್ಕೆ ಯಾವ ಗುರುವೂ ಬೇಕಿಲ್ಲ.

ಸಾಮಾನ್ಯ ಜ್ಞಾನ ಬೇಡವೇ, ಇಲ್ಲದಿದ್ದರೆ ಏಜೆಂಟರು ಟೋಪಿ ಹಾಕುವುದಿಲ್ಲವೇ ಎಂದು ಕೇಳಬಹುದು. ಬೇಕು, ಖಂಡಿತ ಬೇಕು. ಆದರೆ ಚಕ್ರಬಡ್ಡಿ, ಹಣದುಬ್ಬರ, ವಿಮೆ ಈ ಮೂರರ ಮೂಲಪಾಠ ನಾಲ್ಕು ಸಂಜೆಗೆ ಮುಗಿಯುವಂಥದ್ದು. 72ನ್ನು ಬಡ್ಡಿದರದಿಂದ ಭಾಗಿಸಿದರೆ ಹಣ ಎಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತದೆಂದು ತಿಳಿಯುತ್ತದೆ, ಶೇ. 7.1 ಕೊಡುವ ಪಿಪಿಎಫ್‌ನಲ್ಲಾದರೆ ಸುಮಾರು ಹತ್ತು ವರ್ಷ. ಮುಗಿದುಹೋಗುವ ಪಾಠ ಕುಬೇರರಿಗೆ ಒಗ್ಗುವುದಿಲ್ಲ, ಏಕೆಂದರೆ ಪಾಠ ಮುಗಿದರೆ ಹೋಮ್‌ವರ್ಕ್ ಶುರು. ಅಡ್ಡದಾರಿ ಹಿಡಿಯುವುದಕ್ಕಿಂತ ಕೂತು ವಿಡಿಯೋ ನೋಡುವುದೇ ವಾಸಿಯಲ್ಲವೇ ಎನ್ನುವವರೂ ಉಂಟು. ನೋಡುವಲ್ಲಿಗೇ ನಿಂತರೆ ವಾಸಿಯೇ. ನಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಷೇರುಪೇಟೆ ನಿಯಂತ್ರಕ ಸೆಬಿಯ 2024ರ ಅಧ್ಯಯನ ಹೇಳಿದೆ: 2021-22ರಿಂದ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಇಳಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ಶೇ. 93ರಷ್ಟು ಮಂದಿ ಕಳೆದುಕೊಂಡರು, ಸರಾಸರಿ ತಲಾ ಎರಡು ಲಕ್ಷ ರೂಪಾಯಿ. ಇಸ್ಪೀಟಿನಲ್ಲಿ ಸೋತವನಿಗೆ ತಾನು ಜೂಜಾಡಿದೆ ಎಂಬ ಅರಿವಾದರೂ ಇರುತ್ತದೆ. ಇಲ್ಲಿ ಸೋತವರು ‘ಹೆಡ್ಜಿಂಗ್ ಸ್ವಲ್ಪ ಕೈಕೊಟ್ಟಿತು’ ಎನ್ನುತ್ತಾರೆ.

ಪರರ ಕೋಟಿಯ ಲೆಕ್ಕದಲ್ಲಿ ಮುಜುಗರವಿಲ್ಲ. ಸ್ವಂತ ಸ್ಟೇಟ್‌ಮೆಂಟ್ ಹಾಗಲ್ಲ, ಹೋಟೆಲ್ ಪಾರ್ಸೆಲ್ಲುಗಳನ್ನೆಲ್ಲ ತಾರೀಖು ಸಹಿತ ಒಪ್ಪಿಸುತ್ತದೆ. ಆದರೂ ಮೂರು ತಿಂಗಳ ಸ್ಟೇಟ್‌ಮೆಂಟಿನಷ್ಟು ಕಲಿಸುವ ಮೇಷ್ಟ್ರು ಬೇರೆಯಿಲ್ಲ. ಕಲಿತದ್ದಕ್ಕೆ ಪರೀಕ್ಷೆಯೂ ಸುಲಭ. ವಾರಸುದಾರರು ಬಾರದೆ ಉಳಿದ ಠೇವಣಿಗಳನ್ನು ಹುಡುಕಿಕೊಳ್ಳಲೆಂದೇ ರಿಸರ್ವ್ ಬ್ಯಾಂಕ್ 2023ರಲ್ಲಿ ‘ಉದ್ಗಮ್’ ಪೋರ್ಟಲ್ ತೆರೆಯಬೇಕಾಯಿತು. ಇಟ್ಟವರಿಗಷ್ಟೇ ಗೊತ್ತಿದ್ದ ಹಣದ ಗತಿ ಅದು. ಹಾಗಾಗಿ ಪರೀಕ್ಷೆ ಇಷ್ಟೇ: ಕುಬೇರರ ನೆರವಿಲ್ಲದೆ ಮನೆಯ ಇನ್ನೊಬ್ಬರು ಫೈಲು ತೆರೆದು ಯಾವ ಹಣ ಎಲ್ಲಿದೆ, ಯಾವ ಸಾಲ ಎಷ್ಟಿದೆ ಎಂದು ಹೇಳಬಲ್ಲರಾದರೆ ಕುಬೇರರು ಪಾಸು. ಫೇಲಾದರೆ ಈಗಲೇ ಆಗಲಿ. ಅಸಲಿ ಪರೀಕ್ಷೆ ಬರುವ ದಿನ ಉತ್ತರ ಹೇಳಿಕೊಡಲು ಕುಬೇರರೇ ಇರುವುದಿಲ್ಲ.