ಆಮೆ ಮೊದಲು, ಅಮೀನ ಆಮೇಲೆ

ಅಂಬತ್ತೂರಿನಲ್ಲಿ ಮನೆ ಬೇಕೆಂದರೆ ಅಡ್ವಾನ್ಸ್ ಎಣಿಸಬೇಕು, ನೀರು ಬೇಕೆಂದರೆ ಲಾರಿಯವನಿಗೆ ಫೋನ್ ಮಾಡಬೇಕು. ಆಮೆ ಮಾತ್ರ ಕೇಳದೆಯೇ ಸಿಗುತ್ತದೆ. ಯಾರೋ ಒಬ್ಬರು ಕೆನಡಾಕ್ಕೆ ಹೊರಟರೆ ಸಾಕು. ಫ್ರಿಜ್ ಮಾರುತ್ತಾರೆ, ಸ್ಕೂಟರ್ ಮಾರುತ್ತಾರೆ. ಆಮೆಯ ಸರದಿ ಬಂದಾಗ ಗಂಟಲು ಕಟ್ಟಿಕೊಂಡು, "ದುಡ್ಡು ಬೇಡ ಸಾರ್, ಒಳ್ಳೆಯ ಮನೆ ಸೇರಿದರೆ ಸಾಕು" ಎನ್ನುತ್ತಾರೆ. ಸೈಕಲ್ಲು, ಟೈರಿನ ಕಾರ್ಖಾನೆಗಳ ಸಂಬಳ ನಂಬಿ ಇಲ್ಲಿಗೆ ಬಂದು ಇಲ್ಲೇ ಬೇರು ಬಿಟ್ಟ ನಮ್ಮಂಥ ಕನ್ನಡಿಗರಿಗೆ, ಪುಕ್ಕಟೆ ಎಂದು ಕಿವಿಗೆ ಬಿದ್ದ ಕೂಡಲೇ ನಮ್ಮ ಮನೆಯೂ ಒಳ್ಳೆಯದೇ ಅಲ್ಲವೇ ಅನ್ನಿಸತೊಡಗುತ್ತದೆ.

ಹಾಗೆ ಹೊರಟ ಮೇಲ್ಮಹಡಿಯ ಗೃಹಸ್ಥರು ತಂದು ತೋರಿಸಿದ್ದು ಒಂದು ಗೇಣುದ್ದದ ಪ್ರಾಣಿ. ಕಪ್ಪು ಬೆನ್ನಿನ ಮೇಲೆ ಹಳದಿ ಗೆರೆಯ ನಕ್ಷತ್ರಗಳು. "ಮೂವತ್ತು ದಾಟಿದೆ. ಬಹಳ ಸಾಧು. ಯಾರ ತಂಟೆಗೂ ಹೋಗುವುದಿಲ್ಲ. ಸೊಪ್ಪು ಕೊಟ್ಟರೆ ಸೊಪ್ಪು, ಇಲ್ಲದಿದ್ದರೆ ಉಪವಾಸ" ಎಂದು ಗುಣಗಾನ ಮಾಡಿದರು. ಇಷ್ಟೆಲ್ಲ ಕೇಳಿದ ಮೇಲೆ ಜಾತಕವನ್ನೂ ಕೇಳಿಬಿಡೋಣ ಅನ್ನಿಸಿತು.

ಅಪಾರ್ಟ್‌ಮೆಂಟಿನಲ್ಲಿ ಗುಟ್ಟು ಉಳಿಯುವುದುಂಟೇ? ಸಂಜೆಯೊಳಗೆ ಮೂರು ಪಕ್ಷಗಳಾದವು. ಕೆಳಗಿನ ಮನೆಯ ಮಾಮಿ ತಮಿಳರ ಗಾದೆ ಎತ್ತಿದರು: ಆಮೆ ಹೊಕ್ಕ ಮನೆಯೂ ಜಪ್ತಿಯ ಅಮೀನ ಹೊಕ್ಕ ಮನೆಯೂ ಉದ್ಧಾರವಾಗುವುದಿಲ್ಲ. ಎದುರುಮನೆಯ ವಾಸ್ತುಪ್ರೇಮಿಯ ಟೀಪಾಯಿ ಮೇಲೆ ತಟ್ಟೆಯ ನೀರಿನಲ್ಲಿ ಹಿತ್ತಾಳೆಯ ಆಮೆಯೊಂದು ಉತ್ತರಕ್ಕೆ ಮುಖಮಾಡಿ ಕೂತಿದೆ. ಅವರ ಪ್ರಕಾರ ಹಿತ್ತಾಳೆಯದು ಬಂದರೆ ಲಕ್ಷ್ಮಿ, ಜೀವ ಇರುವುದು ಬಂದರೆ ದರಿದ್ರ. ಉಸಿರಾಡುವುದೊಂದೇ ಅದರ ಅಪರಾಧ! ಮೂರನೆಯವರು ನಿವೃತ್ತ ಮೇಷ್ಟರು. ಗೀತೆಯ ಎರಡನೇ ಅಧ್ಯಾಯದಲ್ಲಿ ಸ್ಥಿತಪ್ರಜ್ಞನಿಗೆ ಕೃಷ್ಣ ಹೋಲಿಸಿದ್ದು ಆಮೆಯನ್ನೇ ತಾನೇ, ಅಂಥದ್ದೊಂದು ಮನೆಯಲ್ಲಿರಲಿ ಎಂದರು. "ಈಗಾಗಲೇ ಒಬ್ಬರಿದ್ದಾರೆ. ತರಕಾರಿ ತನ್ನಿ ಅಂದರೆ ತಲೆ ಒಳಗೆ, ಊಟಕ್ಕೆ ಬನ್ನಿ ಅಂದರೆ ತಲೆ ಹೊರಗೆ" ಎಂದಳು ನನ್ನ ಹೆಂಡತಿ.

ನಾನು ಕಾನೂನಿನ ಕಡೆ ತಿರುಗಿದೆ. ಮನೆಗೆ ಸೇರಿಸಿಕೊಳ್ಳುವುದೆಂದರೆ ದತ್ತು ತಾನೇ? ನಮ್ಮಲ್ಲಿ ಹಿಂದೂ ದತ್ತಕಕ್ಕೆ 1956ರ ಕಾಯ್ದೆ ಇದೆ. ರೂಢಿಯಲ್ಲಿ ಬೇರೆ ಪದ್ಧತಿ ಇಲ್ಲದಿದ್ದರೆ, ಹದಿನೈದು ತುಂಬಿದವರನ್ನು ದತ್ತು ತೆಗೆದುಕೊಳ್ಳುವಂತಿಲ್ಲ. ಗಂಡಸು ಹೆಣ್ಣುಮಗುವನ್ನು ತೆಗೆದುಕೊಳ್ಳುವುದಾದರೆ ಇಬ್ಬರ ನಡುವೆ ಇಪ್ಪತ್ತೊಂದು ವರ್ಷದ ಅಂತರ ಬೇಕು. ಮೂವತ್ತು ದಾಟಿದ ಆಮೆ ಮೊದಲ ಮೆಟ್ಟಿಲಲ್ಲೇ ನಪಾಸು. ಎರಡನೆಯದಕ್ಕೆ ಅದು ಗಂಡೋ ಹೆಣ್ಣೋ ಗೊತ್ತಾಗಬೇಕು. ಮೇಲ್ಮಹಡಿಯವರು ಅದನ್ನು ಮುರುಗ ಎಂದು ಕೂಗುತ್ತಿದ್ದರು. ನಕ್ಷತ್ರ ಆಮೆಗಳಲ್ಲಿ ಹೆಣ್ಣೇ ದೊಡ್ಡದು, ಗಂಡಿನ ಬಾಲ ಉದ್ದ. ಬಾಲ ನೋಡಿದರೆ ಮುರುಗ ವಳ್ಳಿಯಾಗುವ ಲಕ್ಷಣವೇ ಹೆಚ್ಚು. ಈ ಜಾತಿಯಲ್ಲಿ ಗಂಡು ಹೆಣ್ಣನ್ನು ತೀರ್ಮಾನಿಸುವುದು ಮೊಟ್ಟೆಗೆ ತಾಗುವ ಕಾವು. ಕಾವು ಏರಿದರೆ ಹೆಣ್ಣು. ಚೆನ್ನೈಯ ಕತ್ತಿರಿ ಬಿಸಿಲಿನಲ್ಲಿ ಮರಿಯಾದರೆ ಮನೆ ತುಂಬ ಹೆಣ್ಣುಮಕ್ಕಳೇ.

ವಯಸ್ಸಾದ ಆಮೆಯನ್ನು ಮನೆಗೆ ತಂದುಕೊಂಡವರಲ್ಲಿ ದೊಡ್ಡ ಹೆಸರು ಇಂಗ್ಲೆಂಡಿನ ಸೆಲ್‌ಬೋರ್ನ್‌ನ ಪಾದ್ರಿ ಗಿಲ್ಬರ್ಟ್ ವೈಟ್. ಸೋದರತ್ತೆ ಸಾಕಿದ್ದ ಟಿಮೋತಿ ಎಂಬ ಆಮೆ, ಆಕೆ ತೀರಿಕೊಂಡ ಮೇಲೆ, 1780ರಲ್ಲಿ ಈತನ ಪಾಲಿಗೆ ಬಂತು. ಅತ್ತೆಯ ಆಸ್ತಿಯಲ್ಲಿ ಆಮೆ ಪಾಲಿಗೆ ಬಂದರೂ ಮುಖ ಸಿಂಡರಿಸದ ಅಳಿಯ! ಚಳಿಗಾಲದ ನಿದ್ದೆಯಲ್ಲಿದ್ದುದನ್ನು ಮಣ್ಣಿನಿಂದ ಅಗೆದು, ಪೆಟ್ಟಿಗೆಯಲ್ಲಿಟ್ಟು ಗಾಡಿಯಲ್ಲಿ ತಂದ, ತೂಗಿದ, ಕಿವಿ ಕೇಳುತ್ತದೆಯೋ ಇಲ್ಲವೋ ನೋಡಲು ಕಹಳೆಯಂಥ ಕೊಳವೆ ಹಿಡಿದು ಕೂಗಿದ. ಟಿಮೋತಿ ತಿರುಗಿಯೂ ನೋಡಲಿಲ್ಲ. ವೈಟ್ 1793ರಲ್ಲಿ ಹೋದ, ಆಮೆ 1794ರವರೆಗೆ ಇತ್ತು. ಅದರ ಚಿಪ್ಪು ಲಂಡನ್ನಿನ ಮ್ಯೂಸಿಯಮ್ ಸೇರಿದ ಮೇಲೆ ಪರೀಕ್ಷಿಸಿ ನೋಡಿದರೆ, ಟಿಮೋತಿ ಹೆಣ್ಣು. ಪ್ರಕೃತಿಯ ಸೂಕ್ಷ್ಮಗಳನ್ನೆಲ್ಲ ಬರೆದಿಟ್ಟ ಮಹಾಶಯನಿಗೇ ಮನೆಯಂಗಳದಲ್ಲಿದ್ದವಳು ಯಾರೆಂದು ತಿಳಿಯಲಿಲ್ಲ.

ಇನ್ನು ಆಯುಸ್ಸು. ಸೇಂಟ್ ಹೆಲೆನಾ ದ್ವೀಪಕ್ಕೆ ಜೊನಾಥನ್ ಎಂಬ ಆಮೆ ಬಂದದ್ದು 1882ರಲ್ಲಿ, ಅದೂ ಪೂರ್ತಿ ಬೆಳೆದವನಾಗಿ. ಆಮೇಲೆ ಅಲ್ಲಿನ ಬಂಗಲೆಗೆ ಗವರ್ನರುಗಳು ಬಂದರು, ಹೋದರು. ಹುಲ್ಲುಹಾಸು ಮಾತ್ರ ಜೊನಾಥನ್‌ನದೇ. ಕಲ್ಕತ್ತೆಯ ಅಲಿಪುರ ಮೃಗಾಲಯದ ಆಮೆ ಅದ್ವೈತ 2006ರಲ್ಲಿ ಸತ್ತಾಗ, ಅವನು ರಾಬರ್ಟ್ ಕ್ಲೈವನ ತೋಟದಲ್ಲಿದ್ದವನೆಂದು ಹೇಳಿದರು. ಕ್ಲೈವ್ ಮೊದಲು ಇದೇ ಮದರಾಸಿನಲ್ಲಿ ಗುಮಾಸ್ತೆಯಾಗಿದ್ದವನು. ಗುಮಾಸ್ತೆ ಹೋದ, ಕಂಪನಿ ಹೋಯಿತು, ಸಾಮ್ರಾಜ್ಯವೂ ಹೋಯಿತು, ಆಮೆ ಮಾತ್ರ ಸೊಪ್ಪು ತಿನ್ನುತ್ತಿತ್ತು. ಅವೆಲ್ಲ ದೈತ್ಯ ಜಾತಿಯವು, ನಿಜ. ನಮ್ಮ ನಕ್ಷತ್ರ ಆಮೆಗೂ ದಶಕಗಳ ಆಯುಸ್ಸಿದೆ. ಇಲ್ಲಿ ಯಾರು ಯಾರನ್ನು ನೋಡಿಕೊಳ್ಳುತ್ತಾರೆ? ನನಗೆ ಬಿ.ಪಿ. ಇದೆ, ಸಕ್ಕರೆ ಇದೆ; ಅದಕ್ಕೆ ಎರಡೂ ಇಲ್ಲ.

ನೋಡಿಕೊಳ್ಳುವುದೂ ಸುಲಭವಲ್ಲ. ಚಿಪ್ಪು ಕಳಚಿಡುವ ಕೋಟಲ್ಲ; ಬೆನ್ನುಮೂಳೆ, ಪಕ್ಕೆಲುಬುಗಳೇ ಸೇರಿ ಆದದ್ದು, ಮುಟ್ಟಿದರೆ ತಿಳಿಯುತ್ತದೆ. ಅದು ಗಟ್ಟಿಯಾಗಿ ಬೆಳೆಯಲು ನೇರ ಬಿಸಿಲು, ಸುಣ್ಣದ ಅಂಶ, ನಾರಿರುವ ಹುಲ್ಲು ಸೊಪ್ಪು ಬೇಕು. ಅಂಬತ್ತೂರಿನಲ್ಲಿ ಬಿಸಿಲಿಗೇನು ಬರ ಎನ್ನಬೇಡಿ. ಅದು ಇಂಡಸ್ಟ್ರಿಯಲ್ ಎಸ್ಟೇಟಿನ ರಸ್ತೆಗಳ ಮೇಲಿದೆ, ಎರಡು ಬೆಡ್‌ರೂಮಿನ ಫ್ಲಾಟಿನೊಳಗಿಲ್ಲ. ನುಣುಪು ಟೈಲ್ಸ್ ಮೇಲೆ ಜಾರುತ್ತ, ಪ್ರೀತಿಯಿಂದ ಹಾಕಿದ ಮೊಸರನ್ನ ತಿಂದ ಆಮೆಯ ಬೆನ್ನು ಉಬ್ಬುತಗ್ಗಾಗಿ ಗೋಪುರ ಗೋಪುರವಾಗಿ ಏಳುತ್ತದೆ. ಮುರುಗನ ಬೆನ್ನು ಆಗಲೇ ಹಾಗಿತ್ತು. "ನಮ್ಮ ಮನೆ ಊಟ ಮೈಗೆ ಹತ್ತಿದೆ" ಎಂದರು ಗೃಹಸ್ಥರು, ಹೆಮ್ಮೆಯಿಂದ.

ಈಗ ಮಾಮಿಯ ಗಾದೆಗೆ ಬರೋಣ. ಅದನ್ನು ಮೂಢನಂಬಿಕೆ ಎಂದು ನಕ್ಕವರೇ ಹೆಚ್ಚು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತೆರೆದು ನೋಡಿ. ನಕ್ಷತ್ರ ಆಮೆಯನ್ನು ಹಿಡಿಯುವಂತಿಲ್ಲ, ಮನೆಯಲ್ಲಿಟ್ಟು ಸಾಕುವಂತಿಲ್ಲ, ಮಾರುವಂತಿಲ್ಲ, ಪ್ರೀತಿಯಿಂದ ಕೊಟ್ಟುಬಿಡುವಂತೆಯೂ ಇಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲಂತೂ ಅದು ಹುಲಿ, ಆನೆಗಳ ಜೊತೆ ಒಂದನೇ ಷೆಡ್ಯೂಲಿನಲ್ಲಿ ಕೂತಿದೆ. ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಮಾಮಿಯ ಗಾದೆ ಎರಡು ಅಪಶಕುನಗಳನ್ನು ಬಿಡಿಬಿಡಿಯಾಗಿ ಹೇಳಿತ್ತು. ಪಾರ್ಲಿಮೆಂಟು ಎರಡನ್ನೂ ಸರಪಳಿ ಹಾಕಿ ಜೋಡಿಸಿತು. ಆಮೆ ಮೊದಲು ಹೊಕ್ಕರೆ ಅಮೀನ ಖಾಕಿ ತೊಟ್ಟು ಹಿಂದೆಯೇ ಬರುತ್ತಾನೆ.

ಇಷ್ಟೇಕೆ ಬಿಗಿ ಎಂದರೆ ಈ ಪ್ರಾಣಿಯ ಅಂದವೇ ಅದಕ್ಕೆ ಶತ್ರು. ಕೋಲಾರ, ಚಿಕ್ಕಬಳ್ಳಾಪುರದ ಕುರುಚಲಿನಲ್ಲಿ, ಗಡಿಯಾಚೆ ಆಂಧ್ರದ ಒಣ ನೆಲದಲ್ಲಿ ಹುಲ್ಲು ಮೇಯ್ದುಕೊಂಡಿದ್ದುದನ್ನು ಹೆಕ್ಕಿ, ಸೂಟ್‌ಕೇಸಿಗೆ ತುಂಬಿ ಹೊರದೇಶದ ಸಾಕುಪ್ರಾಣಿ ಸಂತೆಗೆ ಸಾಗಿಸುತ್ತಾರೆ. ಚೆನ್ನೈ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ ಚಿನ್ನದಷ್ಟೇ ಇದೂ ಪರಿಚಿತ. 2019ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೂ ಇದರ ವ್ಯಾಪಾರಕ್ಕೆ ಬಾಗಿಲು ಹಾಕಿತು. ಅದಕ್ಕೂ ಹಿಂದಿನ ವರ್ಷ ಸಿಂಗಪುರದಲ್ಲಿ ಸಿಕ್ಕಿಬಿದ್ದ 51 ನಕ್ಷತ್ರ ಆಮೆಗಳು ವಿಮಾನವೇರಿ ಕರ್ನಾಟಕಕ್ಕೆ ಮರಳಿದವು. ನಮ್ಮ ಗೃಹಸ್ಥರು ಕೆನಡಾ ವೀಸಾಕ್ಕೆ ಕಾದಷ್ಟು ಕಾಲ ಅವು ಕಾದವೋ ಇಲ್ಲವೋ, ಅಂತೂ ಊರಿಗೆ ಬಂದವು.

ಇಷ್ಟು ಕೇಳಿದ್ದೇ ಗೃಹಸ್ಥರ ಮುಖ ಬಿಳಿಚಿತು. "ಹಾಗಾದರೆ ರಾತ್ರಿ ಅಂಬತ್ತೂರು ಏರಿಗೆ ಬಿಟ್ಟುಬಿಡುತ್ತೇನೆ" ಎಂದರು. ಪಾಪ, ಆಮೆ ಎಂದರೆ ನೀರು ಎಂದೇ ಅವರ ಲೆಕ್ಕ. ಮುರುಗ ಒಣನೆಲದವನು, ಈಜು ಬಾರದು. ಕೆರೆಗೆ ಬಿಟ್ಟರೆ ಮುಳುಗಿ ಸಾಯುತ್ತಾನೆ. ಕೂರ್ಮಾವತಾರಕ್ಕೆ ಕ್ಷೀರಸಾಗರದಲ್ಲಿ ಮಂದರ ಪರ್ವತ ಹೊರಲು ಬಂದಿತ್ತು, ಇವನಿಗೆ ಏರಿಯೇ ಹೆಚ್ಚಾಯಿತು. ಅರಣ್ಯ ಇಲಾಖೆಗೆ ಒಪ್ಪಿಸುವುದೊಂದೇ ದಾರಿ. ಒಪ್ಪಿಸಿದರು. ಮುರುಗ ಜೀಪಿನಲ್ಲಿ ತಲೆ ಹೊರಗೆ ಹಾಕಿಯೇ ಹೋದ. ಗೃಹಸ್ಥರದೇ ತಲೆ ಒಳಗೆ.

ನನ್ನ ಮಗಳು ಬಿಡಬೇಕಲ್ಲ. "ಕೊಳತ್ತೂರಿನ ಮೀನಂಗಡಿಯಲ್ಲಿ ಸಿಗುತ್ತದೆ" ಎಂದಳು. ಪಕ್ಕದ ಕೊಳತ್ತೂರು ಬಣ್ಣದ ಮೀನುಗಳಿಗೆ ಊರೆಲ್ಲ ಹೆಸರುವಾಸಿ. ಆದರೆ ಅಕ್ವೇರಿಯಂ ಅಂಗಡಿಗಳಲ್ಲಿ ಪ್ಲಾಸ್ಟಿಕ್ ತೆಂಗಿನಮರದ ಕೆಳಗೆ ಕೂತಿರುತ್ತಿದ್ದ ಕೆಂಪು ಕಿವಿಯ ಹಸಿರು ಮರಿ ಅಮೆರಿಕದ್ದು. ಆ ದೇಶವೇ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಲ್ಲಿಸಿತು, ಮಕ್ಕಳಿಗೆ ಸಾಲ್ಮೊನೆಲ್ಲಾ ಅಂಟುತ್ತದೆಂದು. ಮರಿ ಬೆಳೆದು ಗೇಣು ದಾಟಿದ ಮೇಲೆ ಬೇಸತ್ತವರು ಅದನ್ನು ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಡುತ್ತಾರೆ. ಅಲ್ಲಿ ಅದು ನಮ್ಮ ದೇಸಿ ಆಮೆಗಳ ಊಟ, ಬಿಸಿಲು ಕಾಯುವ ಜಾಗ ಎರಡನ್ನೂ ಕಬಳಿಸುತ್ತದೆ. ಆಫ್ರಿಕದ ಸುಲ್ಕಾಟಾ ಎಂಬುದೂ ಉಂಟು. ಕೈಯಗಲದಲ್ಲಿ ಬಂದು 50 ಕಿಲೋ ಮುಟ್ಟುತ್ತದೆ, ಬಿಲ ತೋಡುವುದೇ ಹವ್ಯಾಸ. 2024ರ ನಿಯಮದಂತೆ ಅದನ್ನು ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಬಾಡಿಗೆ ಕರಾರನ್ನೇ ನೋಂದಾಯಿಸದ ನಮ್ಮ ಮನೆ ಮಾಲೀಕರು ಇದಕ್ಕೆ ಒಪ್ಪುತ್ತಾರೆಯೇ?

ಕೊನೆಗೆ ಉಳಿದದ್ದು ಮೃಗಾಲಯದ ದತ್ತು ಯೋಜನೆ. ವಂಡಲೂರಿನಲ್ಲೂ ಇದೆ, ನಮ್ಮ ಮೈಸೂರಿನಲ್ಲೂ ಇದೆ. ಮೇವಿನ ಖರ್ಚು ಕಟ್ಟುತ್ತೀರಿ, ಪ್ರಮಾಣಪತ್ರ ಕೊಡುತ್ತಾರೆ, ಪ್ರಾಣಿ ಮಾತ್ರ ಅಲ್ಲೇ ಇರುತ್ತದೆ. "ಇದೆಂಥ ದತ್ತು! ದುಡ್ಡು ನಮ್ಮದು, ಸಾಕುವವರು ಬೇರೆ, ನಾವು ವರ್ಷಕ್ಕೊಮ್ಮೆ ಹೋಗಿ ಫೋಟೋ ತೆಗೆಸಿಕೊಂಡು ಬರುವುದಾ?" ಎಂದು ವಾಸ್ತುಪ್ರೇಮಿ ಕೊಂಕು ತೆಗೆದರು. ಅವರ ಇಬ್ಬರೂ ಗಂಡುಮಕ್ಕಳು ಊಟಿಯ ಬೋರ್ಡಿಂಗ್ ಸ್ಕೂಲಿನಲ್ಲಿದ್ದಾರೆ.